ಎಡಗಡೆಯ ಬ್ರೇಕು

ರಾಯಚೂರು ಸ್ಟೇಷನ್ನಿನ ಎದುರು, ಬೇವಿನ ಮರಕ್ಕೆ
ಒಂದೇ ಮೊಳೆಯಲ್ಲಿ ತೂಗುವ ಕರಿಹಲಗೆ ನಮ್ಮ ಸಂಘದ್ದು.
ಕಾರ್ಯದರ್ಶಿ ನಾನು. ಸೀಮೆಸುಣ್ಣ ಜೇಬಿನಲ್ಲಿಟ್ಟು ಇಟ್ಟು
ನನ್ನ ಖಾಕಿ ಅಂಗಿಗಳೆಲ್ಲ ಎದೆಯ ಹತ್ತಿರ ಬೆಳ್ಳಗೆ.

ಈ ವಾರ ಬರೆದದ್ದು:
ತುಂಗಭದ್ರೆ ದಾಟಿದರೆ ಆಂಧ್ರ, ಕೃಷ್ಣೆ ದಾಟಿದರೆ ತೆಲಂಗಾಣ,
ಪರ್ಮಿಟ್ ಕಟ್ಟದೆ ಯಾರೂ ಮಂತ್ರಾಲಯಕ್ಕೆ ಹೊರಡಬಾರದು.
ರಾಯರೂ ಕಾಯುತ್ತಾರೆ, ಚೆಕ್‌ಪೋಸ್ಟಿನವರೂ ಕಾಯುತ್ತಾರೆ,
ಎರಡೂ ಬೇರೆ ಬೇರೆ ಕಾಯುವುದು.

ಇನ್ಶೂರೆನ್ಸ್ ಕಂತು ಮತ್ತೆ ಏರಿದೆ.
ಎರಡು ಗಾಡಿಗಳ ಎಫ್‌ಸಿ ತೀರಿದೆ, ಯಾರವೆಂದು ಅವರಿಗೇ ಗೊತ್ತು.

ಮೊಬೈಲಿನಲ್ಲಿ ಟ್ಯಾಕ್ಸಿ ಕರೆಸುವ ಕಂಪನಿಯ ಹುಡುಗ ಬಂದಿದ್ದ,
ನಲವತ್ಮೂರು ಡಿಗ್ರಿಯಲ್ಲಿ ಟೈ ಕಟ್ಟಿಕೊಂಡು.
ನೂರಕ್ಕೆ ಇಪ್ಪತ್ತೈದು ಅವರಿಗಂತೆ, ಉಳಿದದ್ದು ನಮಗಂತೆ.
ಡೀಸೆಲ್ಲೂ ನಮಗೇ, ಟೈರೂ ನಮಗೇ, ಗಿರಾಕಿಯ ಬೈಗುಳವೂ.
ಅಧ್ಯಕ್ಷ ಅಮರೇಗೌಡರು ಮಜ್ಜಿಗೆ ಕುಡಿಸಿ ಕಳಿಸಿದರು.
ಲಾಲಪ್ಪ ಮಾತ್ರ ಅವನ ಕಾರ್ಡನ್ನು ಮಡಿಸಿ ಜೇಬಿಗಿಟ್ಟ.
ನೋಡಿದೆ. ಹಲಗೆಗೆ ಬರೆಯಲಿಲ್ಲ.

ಎಲ್ಲ ಒರೆಸಿದರೂ ನಾನು ಒರೆಸದ ಸಾಲೊಂದು ಕೆಳಗಿದೆ:
ಮಂಗಳವಾರ, ಶುಕ್ರವಾರ. ತಾಯಪ್ಪ, ಸಿಯಾತಲಾಬಿನಿಂದ ರಿಮ್ಸ್.
ಪಾಳಿ ಪ್ರಕಾರ.
ಬಾಡಿಗೆ ಬರೆಯುವ ಜಾಗದಲ್ಲಿ ಒಂದು ಅಡ್ಡಗೀಟು.

ತಾಯಪ್ಪ ನಮ್ಮ ಮೂರನೇ ನಂಬರಿನ ಸದಸ್ಯ.
ಮೂವತ್ತೊಂದು ವರ್ಷ ಅಂಬಾಸಡರ್ ಹೊಡೆದವ,
ಮೂತ್ರ ಕಟ್ಟಿಕೊಂಡು ಹೈದರಾಬಾದ್ ಮುಟ್ಟಿಸಿದವ.
ಈಗ ಕಿಡ್ನಿ ಎರಡೂ ಕೈಬಿಟ್ಟಿವೆ.
ವಾರಕ್ಕೆರಡು ದಿನ, ನಾಲ್ಕು ತಾಸು ಮಷಿನ್ನಿನ ಪಕ್ಕ.
"ಆಯಿಲ್ ಚೇಂಜ್ ಅದಪ, ಮತ್ತೇನಿಲ್ಲ" ಅನ್ನುತ್ತಾನೆ.

ಹಿಂದಿನ ಸೀಟು ಬೇಡ ಅವನಿಗೆ.
"ಹಿಂದ ಕುಂತ್ರ ನಾ ಗಿರಾಕಿ ಆಗ್ತೀನಲೇ."
ಮುಂದೆ, ಎಡಕ್ಕೆ, ಚೀಲ ತೊಡೆಯ ಮೇಲಿಟ್ಟು ಕೂರುತ್ತಾನೆ.
ಕೂತ ಗಳಿಗೆಯಿಂದ ಶುರು:
"ಗೇರ್ ಇಳಿಸಲೇ, ಗಾಡಿ ಅಳಾಕತ್ತದ."
"ಹಾರ್ನ್ ಯಾಕ? ಎಮ್ಮಿಗಿ ನಿನ್ನಷ್ಟು ಅವಸರ ಇಲ್ಲ."
ತೀನ್ ಕಂದೀಲಿನ ಗದ್ದಲದಲ್ಲಿ ಆಟೋವೊಂದು ಅಡ್ಡ ಬಂದರೆ
ನನ್ನ ಕಾಲಿಗಿಂತ ಮೊದಲು ಅವನ ಬಲಗಾಲು
ಏನೂ ಇಲ್ಲದ ಜಾಗವನ್ನು ಒತ್ತುತ್ತದೆ.

ಬರುವಾಗ ಮಾತಿಲ್ಲ.
ಮೊಣಕೈಗೆ ಹತ್ತಿ, ಹತ್ತಿಯ ಮೇಲೆ ಪಟ್ಟಿ,
ತುಟಿ ಒಣಗಿದ್ದರೂ ನೀರು ಅಳತೆಯಲ್ಲಿ.
ಕಣ್ಣು ಮುಚ್ಚಿರುತ್ತಾನೆ, ನಿದ್ದೆಯೋ ಏನೋ.
ಆದರೆ ಪ್ರತಿ ಹಂಪಿಗೂ ಆ ಕಾಲು ಒತ್ತುತ್ತದೆ,
ಹಂಪು ಬರುವ ಮೊದಲೇ.

ಕಳೆದ ಸಭೆಯಲ್ಲಿ ಲಾಲಪ್ಪ ಎದ್ದು ಕೇಳಿದ:
"ಅಷ್ಟೊತ್ತಿಗೆ ಒಂದು ಮಂತ್ರಾಲಯ ಆಗ್ತದ. ಕಂತು ಯಾರು ಕಟ್ತಾರ?
ಎಷ್ಟು ದಿನ ಅಂತ ಒಂದು ಲೆಕ್ಕ ಬೇಕಲ್ಲ?"
ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಯಾರೂ ಉತ್ತರಿಸಲಿಲ್ಲ.
ಬಂದೇನವಾಜ ಚಹಾದ ಲೋಟಗಳನ್ನು ಒಂದರೊಳಗೊಂದು ಪೇರಿಸಿದ.
"ಚರ್ಚಿಸಲಾಯಿತು" ಎಂದು ನಾನು ರಿಜಿಸ್ಟರಿಗೆ ಬರೆದೆ.

ಈಗ ಲಾಲಪ್ಪನ ಗಾಜಿಗೆ ಕಂಪನಿಯ ಸ್ಟಿಕ್ಕರು.
ರೈಲು ಬಂದಾಗ ಆಚೆ ಬದಿ ನಿಲ್ಲುತ್ತಾನೆ, ತಲೆ ಎತ್ತುವುದಿಲ್ಲ.
ಅವನ ಪಾಳಿ ನಾನೇ ಹೊಡೆಯುತ್ತೇನೆ.
ಹಲಗೆಯ ಮೇಲೆ ಅವನ ಹೆಸರು ಇನ್ನೂ ಇದೆ. ಒರೆಸಬೇಕು.

ಮೊನ್ನೆ ನನ್ನ ಗಾಡಿಯ ಎಫ್‌ಸಿ.
ಇನ್ಸ್‌ಪೆಕ್ಟರು ಲೈಟು ನೋಡಿದರು, ವೈಪರು ನೋಡಿದರು,
ಎಡಬಾಗಿಲು ತೆರೆದು ಬಗ್ಗಿದರು.
ಮ್ಯಾಟು ಒಂದು ಕಡೆ ಸವೆದು ತಗಡು ಕಾಣುತ್ತಿತ್ತು,
ಹಿಮ್ಮಡಿಯ ಅಗಲಕ್ಕೆ.
"ಏನಪ್ಪಾ ಇದು, ಈ ಕಡೆ?"

"ಬ್ರೇಕ್ ಅದರೀ ಸಾಹೇಬ್ರ, ಸಂಘದ್ದು" ಅಂದೆ.

ಅವರು ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ.
ಹೊಸ ಮ್ಯಾಟು ಹಾಕಿಸು ಅಂದರು.
ನಾಳೆ ಶುಕ್ರವಾರ. ಹಾಕಿಸಿಲ್ಲ.