ಏಣಿ

ಬೆಳಿಗ್ಗೆ ಐದೂಮುಕ್ಕಾಲಿಗೆ ಹಡಪ್ಸರ್ ಬಸ್ಸು.
ಕಂಡಕ್ಟರಿಗೆ ನನ್ನ ಚೀಲದ ಕ್ಲೋರಿನ್ ವಾಸನೆ ಗೊತ್ತು,
ಕೇಳದೆಯೇ ಟಿಕೀಟು ಹರಿದು ಕೊಡುತ್ತಾನೆ.
ಜನವರಿಯ ಪುಣೆ. ಕೊಳದ ಮೇಲೆ ಹಬೆ.
ಹತ್ತು ಮೀಟರಿನ ಸಿಮೆಂಟು ಕಟ್ಟೆ ಮಂಜಿನಲ್ಲಿ
ಯಾರೋ ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟ ಮಹಡಿ.

ಘೋರ್ಪಡೆ ಸರ್ ಪೈಪು ಹಿಡಿದು
ನೀರಿಗೇ ನೀರು ಚಿಮುಕಿಸುತ್ತಾರೆ.
ಕದಡದ ನೀರಿಗೆ ಮುಖವಿಲ್ಲ; ಮೇಲಿಂದ ನೋಡಿದರೆ
ಗಾಳಿ ಎಲ್ಲಿಗೆ ಮುಗಿಯಿತು ತಿಳಿಯುವುದಿಲ್ಲ.

ಸಿಂದಗಿಯಿಂದ ಅವ್ವ ಫೋನಿನಲ್ಲಿ ಕೇಳಿದ್ದಳು:
"ಬಾವಿಗೆ ಬೀಳೂದನ್ನ ಕಾಲೇಜಿನಾಗ ಕಲಸ್ತಾರನ?"
ನಕ್ಕೆ. ಆಮೇಲೆ ನಗಲಾಗಲಿಲ್ಲ.
ನಮ್ಮ ಕಡೆ ಹೆಣ್ಣೊಬ್ಬಳು ಬಾವಿಗೆ ಹಾರಿದಳೆಂದರೆ
ಯಾರೂ ಅಂಕ ಕೇಳುವುದಿಲ್ಲ.

ತಿಂಗಳುಗಟ್ಟಲೆ ಒಣ ನೆಲದಲ್ಲಿ,
ಸೊಂಟಕ್ಕೆ ಬೆಲ್ಟು, ಹಗ್ಗ ಸರ್ ಕೈಯಲ್ಲಿ:
ಮಡಚು, ಸುತ್ತು, ಬಿಚ್ಚು.
ಅವರು ಏಕ್, ದೋನ್ ಎಂದು ಎಣಿಸಿದರೆ
ನಾನು ತಲೆಕೆಳಗಾಗಿ ಒಂದು, ಎರಡು;
ಉಳಿದರ್ಧಕ್ಕೆ ಬಾಯಿ ತೆರೆಯುವಷ್ಟರಲ್ಲಿ
ಮೂಗಿನ ತುಂಬ ಕೊಳ.

ಅಂತರ ವಿಶ್ವವಿದ್ಯಾಲಯ ಸ್ಪರ್ಧೆ, ನಾಲ್ಕನೇ ಸುತ್ತು.
ನನಗಿಂತ ಮುಂಚೆ ಗೋವಾದ ಎಡ್ನಾ ಫುರ್ಟಾಡೊ.
ನೀರು ಸಿಡಿಯಲಿಲ್ಲ,
ಕೋರಾ ಬಟ್ಟೆ ಹರಿದಂತೆ ಒಂದು ಸದ್ದು, ಅಷ್ಟೇ.
ಏಳೂವರೆ, ಎಂಟು, ಏಳೂವರೆ.

ನನ್ನ ಸರದಿ. ನೀರಿಗೆ ಬೆನ್ನು,
ಬೆರಳುಗಳು ಕಟ್ಟೆಯ ಮೇಲೆ, ಹಿಮ್ಮಡಿ ಗಾಳಿಯ ಮೇಲೆ.
ಸೀಟಿ.
ಕೈ ಎತ್ತಿದೆ. ಇಳಿಸಿದೆ. ಎರಡು ಅಂಕ ಹೋಯಿತು.
ಮತ್ತೆ ಎತ್ತಿದೆ.
ಎದುರಿನ ಗೋಡೆಗೆ ಒಂದು ಹಲ್ಲಿ;
ಅದೂ ಅಲುಗಲಿಲ್ಲ.

ಏಣಿಗೆ ಮೂವತ್ತೆಂಟು ಮೆಟ್ಟಿಲು.
ಹತ್ತುವಾಗ ಒಮ್ಮೆಯೂ ಎಣಿಸಿರಲಿಲ್ಲ.
ಕೆಳಗೆ ಗ್ಯಾಲರಿಯ ಚುರುಮುರಿ ಪೊಟ್ಟಣಗಳೆಲ್ಲ
ಗಪ್ಪಾಗಿ ನನ್ನ ಪಾದಗಳನ್ನೇ ನೋಡುತ್ತಿದ್ದವು.
ಬೀಳುವುದಕ್ಕೆ ಎರಡು ವರ್ಷ ತಾಲೀಮು ಮಾಡಿಸಿದವರು
ಇಳಿಯುವುದನ್ನು ಯಾಕೆ ಕಲಿಸಲಿಲ್ಲ?
ಮಣಿಕಟ್ಟಿನ ಟೇಪು ಕಂಬಿಗೆ ಅಂಟಿ ಬಿಚ್ಚಿಕೊಂಡಿತು.
ಫಲಕದ ಮೇಲೆ ಸೊನ್ನೆ, ದುಂಡಗೆ,
ಬಾವಿಯ ಬಾಯಿಯಷ್ಟು.

ಸರ್ ಏನೂ ಅನ್ನಲಿಲ್ಲ. ಟವೆಲು ಕೊಟ್ಟು
ಹೊಸ ಟೇಪು ಸುತ್ತತೊಡಗಿದರು,
ಎಂದಿಗಿಂತ ಒಂದು ಸುತ್ತು ಹೆಚ್ಚು.

ರಾತ್ರಿ ಫೋನಿನಲ್ಲಿ ಹೇಳಿದೆ:
"ಅವ್ವಾ, ಇವತ್ತ ನಾ ಬೀಳಲಿಲ್ಲ."
"ಛಲೋ ಆತ್ ಬಿಡು," ಅಂದಳು,
ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು
ತಂತಿಯುದ್ದಕ್ಕೂ ಕೇಳಿಸಿತು. "ಉಂಡಿ ಇಲ್ಲೊ?"

ಐದನೇ ಸುತ್ತಿಗೆ
ಮತ್ತೆ ಹತ್ತಿದ್ದನ್ನು ಹೇಳಲಿಲ್ಲ.