ಮುನ್ನೂರಾ ನಲವತ್ತು ಗ್ರಾಂ

ಪರದೆ ಮ್ಯಾಲ ಆಕಿ ಕೊಡಲಿ ಎತ್ತಿದರ
ಗುಡ್ಡ ನಡುವ ಸೀಳತೈತಿ.
ನನ್ನ ಕೊಡಲಿ ಹುಟ್ಟಿದ್ದು
ದುರ್ಗದ ಬೈಲಿನ ಹಿಂದಿನ ಓಣ್ಯಾಗ,
ಚಪ್ಪಲಿ ಸಾಮಾನಿನ ಅಂಗಡಿಯೊಳಗ.

"ಎಷ್ಟನೇ ನಂಬರಿನ ಕಾಲಿಗವ್ವಾ?" ಅಂದ ಇಮಾಮಸಾಬ,
ಸುರುಳಿ ಸುತ್ತಿದ ಅಟ್ಟೆಯ ರಬ್ಬರು ಬಿಚ್ಚಿಕೋತ.
"ಕಾಲಿಗಲ್ಲ ಕಾಕಾ, ಕೊಡಲಿಗೆ."
ಕನ್ನಡಕ ಏರಿಸಿ ನನ್ನ ನೋಡಿದ, ರಬ್ಬರು ನೋಡಿದ,
ಕಡೀಕ ಒಳಗ ಹೋಗಿ ಹತ್ತು ಎಂ.ಎಂ. ದಪ್ಪಂದು ತಂದ.
"ಹಂಗಾರ ಇದು. ಮಳಿಗೆ ಉಬ್ಬೂದಿಲ್ಲ."

ಅಳತಿ ಎಲ್ಲಿಂದ ತರೂದು?
ಆಕಿ ಊರು ಗೊತ್ತಿಲ್ಲ, ಎತ್ತರ ಗೊತ್ತಿಲ್ಲ.
ಆಟ ನಿಲ್ಲಿಸಿ, ಆಕಿ ಮೊಣಕೈಗೆ ಸ್ಕೇಲು ಹಿಡದು,
ನನ್ನ ಮೊಣಕೈಗೆ ಹಿಡದು,
ಎಷ್ಟಕ್ಕ ಎಷ್ಟು ಅಂತ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರದೆ:
ಜುಲೈದ ಹಿಂದ ಹಿಡಿಕಿ, ಆಗಸ್ಟಿನ ಹಿಂದ ಅಲಗು,
ಅಲಗಿಗೆ ಸುತ್ತಿಕೊಂಡ ಹಾವು
ಜಾಗ ಸಾಲದ ಸೆಪ್ಟೆಂಬರಿಗೆ ಹೋತು.

ಕೊಯ್ಯೂದು ಬ್ಲೇಡಿಗೆ ಗೊತ್ತು. ಅಂಟಿಸೂದು ಯಾರಿಗೂ ಗೊತ್ತಿಲ್ಲ.
ಹಚ್ಚಿದ ಕೂಡಲೇ ಕೂಡಸಬಾರದು,
ಎರಡೂ ತುಂಡು ಹತ್ತು ನಿಮಿಷ
ಬ್ಯಾರೆ ಬ್ಯಾರೆ ಕುಂತು ಒಣಗಬೇಕು, ಬೆರಳಿಗೆ ಹತ್ತದಂಗ.
ಆಮ್ಯಾಲ ಒಮ್ಮೆ ಮುಟ್ಟಿದರ ಮುಗೀತು, ಬಿಡೂದಿಲ್ಲ.
ಇಷ್ಟು ಕಲಿಯಾಕ ಎರಡು ಅಲಗು ಸತ್ತವು.
ಇಸ್ತ್ರಿ ಪೆಟ್ಟಿಗಿ ಕಾಸಿ ಒತ್ತಿದರ ರಬ್ಬರು ಬಾಗತೈತಿ,
ಬಾಗಿದ್ದು ಹಂಗ ನಿಲ್ಲತೈತಿ.
ಅಪ್ಪನ ಅಂಗಿ ಮ್ಯಾಲ ಒಂದು ಕರಿ ಗೆರಿ ಬಿತ್ತು,
ಅದೂ ನಿಂತೈತಿ.

ಗದಗ ರಸ್ತೆಯ ವರ್ಕ್‌ಶಾಪಿನಾಗ ಮೂವತ್ತೆರಡು ವರ್ಷ
ಗಾಲಿ ತಿದ್ದಿದ ಸ್ಯಾಮ್ಯುಯೆಲ್ ಮಾಮಾ
ನೋಡೂಣು ಕೊಡು ಅಂತ ಇಸಕೊಂಡ.
ಹತ್ತು ಕಿಲೋಕ್ಕ ತಯಾರಾಗಿದ್ದ ಕೈ
ಸರ್ರನೆ ಮ್ಯಾಲ ಹೋಗಿ ಟ್ಯೂಬ್‌ಲೈಟಿಗೆ ಬಡೀತು.
"ಏನಬೇ ಇದು!"
"ಮುನ್ನೂರಾ ನಲವತ್ತು ಗ್ರಾಂ, ಮಾಮಾ.
ನಡುವ ನೀರಿನ ಪೈಪು,
ಮ್ಯಾಲ ಅಲ್ಯುಮಿನಿಯಂ ಬಣ್ಣ ಎರಡು ಕೋಟು."
ಅವ ನಗಲಿಲ್ಲ. ಮತ್ತ ಎತ್ತಿದ.
ಈ ಸಲ ಮೊದಲ ಬಲಭುಜ ಇಳಿಸಿದ,
ಮೊಣಕಾಲು ಸ್ವಲ್ಪ ಮಡಚಿದ, ಉಸಿರು ಹಿಡದ.
ನಮ್ಮ ಪಡಸಾಲ್ಯಾಗ ಕಬ್ಬಿಣ ಬಂತು.
"ಹಿಂಗ ಎತ್ತು" ಅಂದ. ಚಾ ಕುಡದು ಹೋದ.

ಎಲ್ಲಾ ಆತು. ಆದರ ಹೊಸಾದು.
ಅಂಗಡಿಯಿಂದ ಈಗ ತಂದ ತಾಟಿನಂಗ ಹೊಳಿಯಾಕತ್ತಿತ್ತು.
ಏಳು ರಾಜ್ಯ ಸುತ್ತಿದಾಕಿ ಕೊಡಲಿ ಹಿಂಗ ಇರತೈತೇನು?
ಅವ್ವ ಖಾನಾವಳಿಯಿಂದ ಬರೂದ್ರೊಳಗ
ರೊಟ್ಟಿ ಹಂಚಿನ ಬುಡದ ಮಸಿ ಕೆರದು,
ಎಣ್ಣಿ ಹನಿಸಿ, ಚಿಂದಿಲೆ ತಿಕ್ಕಾಕತ್ತೆ.
ತುಕ್ಕಿಗೆ ಚಾಪುಡಿ, ಅರಿಷಿಣ, ಚೂರು ಬ್ಯಾಡಗಿ ಖಾರಪುಡಿ;
ಸೀನು ಬಂದು ಅರ್ಧ ತುಕ್ಕು ಹಾರಿ ಹೋತು.

ಅವ್ವ ಬಾಗಿಲದಾಗ ನಿಂತಳು.
"ಮಸಿ ತಗದು ತಗದು ನನ್ನ ಉಗುರು ಸವದಾವು,
ನೀ ಕುಂತು ಹಚ್ಚಾಕತ್ತಿಯೇನ?"
ಬೈತಾಳ ಅನಕೊಂಡೆ. ಬುಟ್ಟಿ ಇಳಿಸಿ ಮಗ್ಗಲದಾಗ ಕುಂತಳು.
"ಈ ಕಚ್ಚು ಯಾಕ?"
"ಹಿಮದ ರಾಕ್ಷಸನ ಹಲ್ಲು ತಾಗಿದ್ದು."
"ಇದು?"
"ಕ್ವಾಟಿ ಬಾಗಿಲಾ ಒಡದಾಗಿಂದು."
"ಇದು?"
"ಅದು ನನ್ನ ಬ್ಲೇಡು ಜಾರಿದ್ದು."

ಸ್ವಲ್ಪ ಹೊತ್ತು ತಿರುವಿ ತಿರುವಿ ನೋಡಿದಳು.
ಈಳಿಗಿ ತರಿಸಿದಳು.
ಅಲಗಿನ ಒಳಮಗ್ಗಲಿಗೆ, ಹಿಡಿಕಿ ಹತ್ರ,
ಹಿಡದಾಕಿಗೆ ಅಷ್ಟ ಕಾಣೂ ಜಾಗದಾಗ
ಉದ್ದಕ ಒಂದು ಗೀರು ಎಳದಳು, ಕೈ ನಡಗಲಿಲ್ಲ.
"ಇದು ಯಾವ ಲಡಾಯಿದು, ಅವ್ವಾ?"
"ಹಚ್ಚು, ಮಸಿ ಹಚ್ಚು" ಅಂದಳು.

ವಿದ್ಯಾನಗರದ ಸಭಾಭವನದಾಗ
ಅಂಕ ಕೊಡವರು ಮೊಬೈಲಿನ ಚಿತ್ರಕ್ಕ
ನನ್ನ ಕೊಡಲಿ ತಾಳೆ ಹಾಕಿ ನೋಡಿದರು.
ಹಾವು ಸರಿ. ಹಲ್ಲಿನ ಕಚ್ಚು ಸರಿ.
"ಈ ಗೀರು ಮೂಲದೊಳಗ ಇಲ್ಲಲ್ಲಮ್ಮ?"
"ಇಲ್ರಿ" ಅಂದೆ.
ಎರಡು ಅಂಕ ಹೋದವು.
ಬಲಭುಜ ಇಳಿಸಿ, ಉಸಿರು ಹಿಡದು
ಎತ್ತಿದೆ.