ಮಿಲ್ಲಿಗೆ ಒಯ್ಯುವ ಕನ್ನಡಕ

ಖಾರದಪುಡಿ ಮಾಡಿಸುವ ದಿನ ನಾನು
ಚಿಂತಾಮಣಿ ಪೇಟೆಯ ಮಿಲ್ಲಿಗೆ
ಸಮುದ್ರದ ಕನ್ನಡಕ ಹಾಕಿಕೊಂಡೇ ಹೋಗುತ್ತೇನೆ.
ಮೂಗನ್ನೂ ಮುಚ್ಚುತ್ತದೆ, ಒಂದು ಸೀನಿಲ್ಲ.
ಮಿಲ್ಲಿನ ಹುಡುಗ ನಗುತ್ತಾನೆ, ನಗಲಿ,
ಕಣ್ಣೊರೆಸಿಕೊಳ್ಳುವವನು ಅವನೇ.

ಬೀಜದ ಕಂಪನಿ ಕಳಿಸಿದ ಟೂರು ಅದು.
ಇಷ್ಟು ಡಬ್ಬಿ ಟೊಮೆಟೊ ಬೀಜ ಮಾರಿದವರಿಗೆ
ಥಾಯ್ಲೆಂಡು, ಜೋಡಿಗೆ, ನಾಲ್ಕು ರಾತ್ರಿ.
ಅಂಗಡಿಯ ಬೋರ್ಡಿನಲ್ಲಿ ಗಂಗುಲಪ್ಪನ ಹೆಸರು,
ಡಬ್ಬಿ ಮಾರಿದವಳು ನಾನು.
ಎರಡಂತಸ್ತಿನ ಬಿಳಿ ದೋಣಿ, ತುಂಬ ಡೀಲರುಗಳು.
ಮೂರು ಕಡೆ ನಿಲ್ಲಿಸುತ್ತೇವೆ,
ಇಳಿಯುವವರು ಇಳಿಯಬಹುದು ಅಂದ ಮೈಕಿನವನು.

ಮೊದಲನೇ ಕಡೆ ಯಾರೂ ಇಳಿಯಲಿಲ್ಲ.
ಶ್ರೀನಿವಾಸಪುರದವರು ಉಪ್ಪಿನಕಾಯಿ ಡಬ್ಬಿ ಬಿಚ್ಚಿದರು.
ನೀರು ಮಾತ್ರ, ಡ್ರಮ್ಮಿನಲ್ಲಿ ಮೈಲುತುತ್ತ ಕದಡಿದ ಹಾಗೆ,
ಅದೇ ನೀಲಿ.

ಎರಡನೇ ಕಡೆ ಇಬ್ಬರು ಹುಡುಗರು
ಏಣಿ ಬಿಡದೆಯೇ ತೇಲಿ ಫೋಟೋ ತೆಗೆಸಿಕೊಂಡರು.
ಕಿತ್ತಳೆ ಜಾಕೆಟ್ಟಿನಲ್ಲಿ ಕೂತಲ್ಲೇ ಬೆವರಿ
ಗಂಗುಲಪ್ಪ ಎರಡು ಸಲ ಕಕ್ಕಿದ.
ಬೆನ್ನು ಸವರಿದೆ.
ಸವರುತ್ತ ನೀರನ್ನೇ ನೋಡಿದೆ.

ಮೂರನೇ ಕಡೆ
ಚೂಡಿದಾರದ ವೇಲು ಅವನ ಮಡಿಲಿಗೆ ಹಾಕಿ
ಏಣಿಯ ಗೊಡವೆಗೇ ಹೋಗದೆ
ಧುಮುಕಿದೆ.

ಕೊಳವೆಯಲ್ಲಿ ನನ್ನ ಉಸಿರು ನನಗೇ ಕೇಳಿತು,
ಮಲಗಿದ ಎಮ್ಮೆಯದರ ಹಾಗೆ, ನಿಧಾನ.
ಕೆಳಗೆ ಹವಳ,
ಯಾರದೋ ಹೂಕೋಸಿನ ತೋಟ ಮುಳುಗಿದಂತೆ.
ಪಟ್ಟೆ ಮೀನೊಂದು ಮೊಣಕೈ ಮುಟ್ಟಿ ನೋಡಿ
ಬೇಡವೆಂದು ಹೋಯಿತು.
ಆಮೇಲೆ ತೋಟ ಮುಗಿದು
ಬರೀ ಕಪ್ಪು, ಕಾಲ ಕೆಳಗೆ ಏನೂ ಇಲ್ಲ.
ಆ ಏನೂ ಇಲ್ಲದ್ದು ನನಗೆ ಹಳೆಯ ಪರಿಚಯ.

ಕೈವಾರದಾಚೆ ನಮ್ಮೂರಲ್ಲಿ ಕಪಿಲೆ ಬಾವಿ.
ಗಂಡಸರು ಉಂಡು ಮಲಗಿದ ಮಟಮಟ ಮಧ್ಯಾಹ್ನ
ನಾರೆಮ್ಮ ಚಿಕ್ಕಮ್ಮ
ಬೆನ್ನಿಗೆ ಸೋರೆಬುರುಡೆ ಬಿಗಿದು ತಳ್ಳಿದ್ದಳು:
ಕಿರುಚಬೇಡ, ನಿಮ್ಮಪ್ಪ ಏಳುತ್ತಾನೆ,
ಮುಳುಗಿದರೂ ಸದ್ದಿಲ್ಲದೆ ಮುಳುಗು.
ಸಂಜೆಯೊಳಗೆ ಜಡೆ ಒಣಗಬೇಕು,
ಅದೊಂದೇ ಷರತ್ತು.
ಹದಿನಾರಕ್ಕೆ ಮದುವೆಯಾಯಿತು,
ಮತ್ತೆ ಒದ್ದೆ ಜಡೆಗೆ ಕಾರಣ ಬೇಕಾಗಲಿಲ್ಲ.

ಹತ್ತಿ ಬಂದಾಗ ದೋಣಿಗೆ ದೋಣಿಯೇ ಎದ್ದು ನಿಂತಿತ್ತು.
'ಈತ ಎಪ್ಪುಡು ನೇರ್ಚುಕೊಂಟಿವೇ?'
ಮನೆಯ ತೆಲುಗಿನಲ್ಲಿ, ಮೆಲ್ಲಗೆ,
ಇಪ್ಪತ್ತಾರು ವರ್ಷದ ಲೆಕ್ಕದಲ್ಲಿ
ಬರೆಯದೆ ಬಿಟ್ಟ ಬಾಕಿಯೊಂದು ಸಿಕ್ಕವನಂತೆ.
ನೀನು ಯಾವತ್ತು ಕೇಳಿದೆ, ಅಂದೆ.
ಅವನು ವೇಲನ್ನು ಹಿಂಡಿ ಹಿಂಡಿ ಕೊಟ್ಟ.
ಅದು ಒದ್ದೆಯೇ ಆಗಿರಲಿಲ್ಲ.

ಕನ್ನಡಕ ವಾಪಸು ಕೊಡಬೇಕಿತ್ತು.
ಮರೆತೆ ಎಂದೇ ಹೇಳುತ್ತ ಬಂದಿದ್ದೇನೆ.

ಈವತ್ತು ಮಿಲ್ಲಿನ ಹುಡುಗ
ಅಕ್ಕಾ, ಒಂದೇ ಸಲ, ಅಂದ. ಕೊಟ್ಟೆ.
ಪಟ್ಟಿ ಬಿಗಿದುಕೊಂಡು
ಆ ಕೆಂಪು ಧೂಳಿನೊಳಗೆ ಬಗ್ಗಿ
ಎರಡೂ ಕೈ ಮುಂದೆ ಚಾಚಿದ,
ಯಾರೂ ಹೇಳಿಕೊಟ್ಟಿರಲಿಲ್ಲ.
ಕಾಲೂ ಆಡಿಸು, ಅಂದೆ.